ಸಾವಿರದ ಮೂವತ್ತಮೂರು

ಕುಳಾಯಿಯ ಗೇರುಬೀಜದ ಫ್ಯಾಕ್ಟರಿಯಿಂದ ಆ ಪೆಟ್ಟಿಗೆ ಬಂದದ್ದು
ಇದು ಮೂರನೇ ಸಲ.
ಬೋರ್ಮದ ಗೋಡೆಗೆ ಅಂಟಿ ಕೂತು
ಒಳಗಿನ ಬಿಸಿ ಎಷ್ಟೆಂದು ಹೇಳುವ ಬೋರ್ಡು.
ಜೊತೆಗೊಂದು ಚೀಟಿ, ಸೂಪರ್‌ವೈಸರ್ ವಲೇರಿಯನ್ನರ ಓರೆ ಅಕ್ಷರ:
'ಚೆಕ್ ಮಾಡಿ. ತಪ್ಪು ಇದರದ್ದಲ್ಲ ಅಂತ ಬರೆದುಕೊಡಿ.'

ಎರಡು ಸಲ ಬರೆದುಕೊಟ್ಟಿದ್ದೆ.
ಬಂದರಿನ ಈ ಗಲ್ಲಿಯಲ್ಲಿ, ಫ್ಯಾನಿನ ಕೆಳಗೆ,
ಒಣಮೀನಿನ ಲಾರಿ ಹಿಂದಕ್ಕೆ ಬರುವ ಪೀಂ ಪೀಂ ನಡುವೆ
ಎಲ್ಲ ಸರಿಯೇ ತೋರಿಸಿತ್ತು ಮೀಟರು.
ರಬ್ಬರ್ ಸ್ಟ್ಯಾಂಪೂ ಒತ್ತಿದ್ದೆ:
ಇದಿನಬ್ಬ, ಎಲೆಕ್ಟ್ರಾನಿಕ್ಸ್ ರಿಪೇರಿ.

ಆ ಸ್ಟ್ಯಾಂಪಿನ ಬಲದಲ್ಲಿ
ಭಾಗಿಯ ಕೂಲಿ ಕಡಿದರಂತೆ.
ಹನ್ನೆರಡು ಟ್ರೇ ಬಿಳಿ ಬೀಜ ಕೆಂಪಾದದ್ದಕ್ಕೆ
ಬೋರ್ಮ ಕಾಯುವವಳೇ ಹೊಣೆ.
ಪೆಟ್ಟಿಗೆ ತಂದ ರಿಕ್ಷಾದ ಹುಡುಗ ಹೇಳಿದ,
ಚಿಲ್ಲರೆ ಎಣಿಸುತ್ತಾ.

ಈ ಸಲ ಫ್ಯಾನು ನಿಲ್ಲಿಸಿದೆ.
ಬಿಸಿಗಾಳಿಯ ಗನ್ನು ಹಿಡಿದು ಮೂಲೆಮೂಲೆಗೆ ಊದುತ್ತಾ ಹೋದೆ,
ಬೆವರು ಭೂತಗನ್ನಡಿಗೇ ತೊಟ್ಟಿಕ್ಕಿತು.
ಒರೆಸಿ ನೋಡಿದರೆ, ಅಲ್ಲಿ
ಒಂದು ರೆಸಿಸ್ಟರು. ಎಳ್ಳಿನಷ್ಟು.
ಕಾಲಿಲ್ಲ, ತಂತಿಯಿಲ್ಲ,
ಮೈಯನ್ನೇ ಬೋರ್ಡಿಗೆ ಬೆಸೆದುಕೊಂಡ ಜಾತಿ.
ಬೆನ್ನ ಮೇಲೆ 1001, ಅಂದರೆ ಸಾವಿರ ಓಮು.
ತಣ್ಣಗಿರುವಾಗ ಸಾವಿರವೇ, ಆಣೆ ಹಾಕಿದ ಸಾಕ್ಷಿಯ ಹಾಗೆ.
ನೂರು ಡಿಗ್ರಿಗೆ ಸಾವಿರದ ಇಪ್ಪತ್ತೆರಡು.
ನೂರನಲವತ್ತಕ್ಕೆ
ಸಾವಿರದ ಮೂವತ್ತಮೂರು.

ಅಳೆಯುವ ಕೋಲೇ ಉದ್ದವಾದರೆ
ಬಟ್ಟೆ ಗಿಡ್ಡ ಕಾಣುತ್ತದಲ್ಲ, ಹಾಗೆ:
ಒಳಗೆ ಎಂಬತ್ತಾರು ಬೇಯುತ್ತಿದ್ದರೆ
ಹೊರಗೆ ಕೆಂಪು ಅಂಕಿಯಲ್ಲಿ ಎಪ್ಪತ್ತೈದು.

ಒಳ್ಳೆಯದನ್ನು ತರಿಸಲು ಹದಿನೇಳು ದಿನ.
ಪಿಂಗಾಣಿಯ ಮೇಲೆ ಲೋಹದ ತೆಳು ಪೊರೆ,
ಲೇಸರಿನಲ್ಲಿ ಗೀರಿ ಗೀರಿ ಲೆಕ್ಕಕ್ಕೆ ತಂದದ್ದು.
ಒಂದಕ್ಕೆ ಇನ್ನೂರೆಂಬತ್ತು. ಹಳೆಯದಾದರೆ
ಚಹಾದ ದುಡ್ಡಿಗೆ ಒಂದು ಪಟ್ಟಿಯೇ ಸಿಗುತ್ತದೆ.
ಮಾಮೂಲಿ ಸೀಸ ಆ ಸೆಕೆಗೆ ಮೆತ್ತಗಾಗುತ್ತದೆಂದು ಬೇರೆ ಬೆಸುಗೆ.
ಉಸಿರು ಬಿಗಿಹಿಡಿದೆ,
ಸೀನಿದರೆ ಇನ್ನೂರೆಂಬತ್ತು ಹಾರಿತು.

ಮತ್ತೆ ಗನ್ನು. ನೂರು. ನೂರಿಪ್ಪತ್ತು. ನೂರನಲವತ್ತು.
ಸಾವಿರದ ಒಂದೂ ಆಗಲಿಲ್ಲ.
ಸುಮ್ಮನೆ ನೋಡುತ್ತಾ ಕೂತೆ,
ಎಷ್ಟು ಹೊತ್ತೋ, ಚಹಾಕ್ಕೆ ಕೆನೆ ಕಟ್ಟಿತ್ತು.

ಜೋಡಿಸಲು ನಾನೇ ಹೋದೆ ಕುಳಾಯಿಗೆ.
ಭಾಗಿಗೆ ಐವತ್ತು ದಾಟಿರಬೇಕು,
ಬೆರಳ ತುದಿ ಗೇರೆಣ್ಣೆಗೆ ಸುಟ್ಟು ಕಪ್ಪು.
ಹಳೆಯದನ್ನು ಕಾಗದದಲ್ಲಿ ಮಡಚಿ ಒಯ್ದಿದ್ದೆ, ತೋರಿಸಿದೆ.
'ಇಷ್ಟೇಯಾ?' ಅಂದಳು.
ಆಮೇಲೆ ಬೋರ್ಮದ ಬಾಗಿಲ ಸಂದಿಗೆ ಮೂಗು ಕೊಟ್ಟು,
'ಎಂಬತ್ತು ದಾಟಿದರೆ ವಾಸನೆಯೇ ಬೇರೆ, ಇದಿನಬ್ಬರೇ.
ಮೊದಲ ದಿನವೇ ಹೇಳಿದ್ದೆ.
ಅವರು ನಿಮ್ಮ ಸ್ಟ್ಯಾಂಪು ತೋರಿಸಿದರು.'

ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆಫೀಸಿನ ಮೇಜಿನ ಮೇಲೆ ಬಿಲ್ಲು ಬರೆದೆ:
ರೆಸಿಸ್ಟರು ಒಂದು, ಇನ್ನೂರೆಂಬತ್ತು.
ಬೆಸುಗೆ, ಬಸ್ಸು, ನೂರೈವತ್ತು.
ಕೆಳಗೆ: ಹಿಂದಿನ ಎರಡೂ ಚೀಟಿ ತಪ್ಪು.
ತಣ್ಣಗೆ ನೋಡಿದ್ದೆ. ತಪ್ಪು ನನ್ನದು.
ವಲೇರಿಯನ್ ಕನ್ನಡಕ ತೆಗೆದು ಓದುತ್ತಿದ್ದರು.
ಚೀಲದಿಂದ ಸ್ಟ್ಯಾಂಪು ತೆಗೆದು ಒತ್ತಿದೆ.
ಮೂಡಲಿಲ್ಲ, ಶಾಯಿ ಒಣಗಿತ್ತು.

ಬಾಯಿಯ ಬಿಸಿ ಊದಿ
ಮತ್ತೆ ಒತ್ತಿದೆ.