ಹಿತ್ತಲ ತಂತಿ

ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ
ಸರ್ಕಾರದ್ದು.
ಈಗಿನ ಸರ್ಕಾರದ್ದಲ್ಲ. ಅರಮನೆಯದೂ ಅಲ್ಲ.
ಅರಮನೆಯ ನೆತ್ತಿಯ ಮೇಲೆ ಟೋಪಿ ಹಾಕಿ ಕೂತಿತ್ತಲ್ಲ, ಅದರದ್ದು.

ಸ್ಟೇಷನ್ನಿನ ಹಲಗೆಯಲ್ಲಿ ಆಗ ಫ್ರೆಂಚ್ ರಾಕ್ಸ್,
ಬಾಯಲ್ಲಿ ಮಾತ್ರ ಹಿರೋಡೆ.
ಹರಿಯುವ ನಾಲೆಗೂ ಒಬ್ಬ ಲಾಟ್ ಸಾಹೇಬನ ಹೆಸರಿತ್ತು,
ನೀರಿಗೆ ಅದು ಗೊತ್ತಿರಲಿಲ್ಲ.
ಆ ನೀರಿಗಿಳಿದು ನನ್ನಜ್ಜಿ ಪುಟ್ಟಸಿದ್ದಮ್ಮ
ಶಾನುಭೋಗರ ಪಂಚೆ, ಗೌಡರ ಮನೆಯ ಬಾಣಂತಿ ಬಟ್ಟೆ,
ಠಾಣೆಯ ಐದು ಜನದ ಖಾಕಿ
ಎಲ್ಲವನ್ನೂ ಒಂದೇ ಕಲ್ಲಿಗೆ ಬಡಿಯುತ್ತಿದ್ದಳು.
ಖಾಕಿಗೆ ಎರಡೇಟು ಹೆಚ್ಚು.
ಕೊಳೆ ಬಿಡಬೇಕಲ್ಲ, ಎನ್ನುತ್ತಿದ್ದಳು.

ನಲವತ್ತೆರಡರ ಶ್ರಾವಣ.
ಬೊಂಬಾಯಿಯಲ್ಲಿ ಯಾರೋ ಏನೋ ಅಂದರಂತೆ,
ಮೈಸೂರಿನ ಕಾಲೇಜು ಬಿಕೋ ಅಂತಿತ್ತಂತೆ.
ಸುದ್ದಿ ನಮ್ಮ ಓಣಿಗೆ ಬಂದಾಗ
ಮಂಡಿಯವರೆಗೆ ಒದ್ದೆಯಾಗಿತ್ತು:
ಕತ್ತಲಲ್ಲಿ ನಾಲೆ ದಾಟಿ ಬಂದ ಇಬ್ಬರು ಹುಡುಗರು.
ಒಬ್ಬ ತಿರುಮಲೇಗೌಡ. ಇನ್ನೊಬ್ಬನ ಹೆಸರು ಅಜ್ಜಿ ಕೇಳಲಿಲ್ಲ.
ಹೆಗಲಲ್ಲಿ ಸುರುಳಿ, ಮೂರು ಕಂಬದ ತಂತಿ.

ಬಾವಿಗೆ ಹಾಕಿ, ಅಂದ ತಾತ ಚೌಡಶೆಟ್ಟಿ.
ಬಾವೀನೇ ಮೊದಲು ನೋಡೋದು.
ಉಬ್ಬೆ ಹಂಡೆಗೆ?
ಅದನ್ನ ಎರಡನೇದಾಗಿ ನೋಡ್ತಾರೆ.
ಆಮೇಲೆ ಅವಳು ಮಾತಾಡಲಿಲ್ಲ,
ಹೋಗಿ ಹಿತ್ತಲ ಹಳೇ ಹಗ್ಗ ಬಿಚ್ಚಿದಳು.

ಬೆಳಗಿನ ಜಾವಕ್ಕೆ,
ಲಂಡನ್ನಿನವರೆಗೆ ಮಾತಾಡುತ್ತಿದ್ದದ್ದು
ಹೊಂಗೆಮರಕ್ಕೂ ಹುಣಸೆಮರಕ್ಕೂ ನಡುವೆ
ಬಾಯಿ ಕಟ್ಟಿಕೊಂಡು ನಿಂತಿತ್ತು.

ದಫೇದಾರ ಬಂದ.
ಮೆದೆ ತಿವಿದ, ಬಾವಿಗೆ ಪಾತಾಳಗರಡಿ ಬಿಟ್ಟ,
ಹಂಡೆ ಬಗ್ಗಿಸಿ ಚೌಳುನೀರು ಬೂಟಿನ ಮೇಲೆ ಹುಯ್ದುಕೊಂಡ,
ಆ ಸಿಟ್ಟಿಗೆ ತಾತನ ಕೆನ್ನೆಗೆ ಎರಡು ಬಿಟ್ಟ.
ತಲೆಯೆತ್ತಿದರೆ ಮೂಗಿನ ಮುಂದೆ
ಅವನದೇ ಚಡ್ಡಿ, ತೊಟ್ಟಿಕ್ಕುತ್ತ.
ಸೊಂಟದ ಒಳಮಗ್ಗುಲಲ್ಲಿ ಗೇರುಮಸಿಯ ಗುರುತು,
ಮೂರು ಚುಕ್ಕೆ, ಒಂದು ಗೀಟು.
"ನಿಮ್ದೇ ಬುದ್ಧಿ. ಇನ್ನೂ ಹಸಿ. ನಾಳೆ ತಂದ್ಕೊಡ್ತೀನಿ."
ಅವನು ಚಡ್ಡಿ ಸರಿಸಿ ತಂತಿಯ ಮೇಲೆ ಬೆರಳಿಟ್ಟನಂತೆ.
ಬೆರಳನ್ನು ನೋಡಿಕೊಂಡನಂತೆ.
"ಗಂಜಿ ಜಾಸ್ತಿ ಹಾಕ್ಬೇಡ" ಅಂದು ಹೊರಟನಂತೆ.
ಗೊತ್ತಾಯಿತೋ ಇಲ್ಲವೋ,
ಇದೊಂದನ್ನು ಅಜ್ಜಿ ಪ್ರತಿ ಸಲ ಬೇರೆ ಥರ ಹೇಳುತ್ತಿದ್ದಳು.

ನಾಲ್ಕನೇ ದಿನ ತಿರುಮಲೇಗೌಡ ಕಬ್ಬಿನ ಗದ್ದೆಯಲ್ಲಿ ಸಿಕ್ಕಿದ.
ಎಲ್ಲಿಟ್ಟೆ, ಅಂತ ಮೈಸೂರಿನ ಜೈಲಿನಲ್ಲಿ ಕೇಳಿದರು.
ಎಷ್ಟು ಸಲ, ಏನೇನರಲ್ಲಿ, ನಮಗೆ ತಿಳಿಯದು.
ನಾಲೆಗೆ ಎಸೆದೆ ಅಂದನಂತೆ.
ಎರಡು ದಿನ ತೂಬು ಮುಚ್ಚಿ ಕೆಸರು ಬಗೆದರು.
ಅಷ್ಟು ಹೊತ್ತು ಅಜ್ಜಿಗೆ ಒಗೆಯಲು ನೀರಿರಲಿಲ್ಲ,
ಠಾಣೆಯ ಖಾಕಿ ಗಂಟಿನಲ್ಲೇ ನಾತ ಹೊಡೆಯಿತು.

ಅವನು ಸತ್ತದ್ದಕ್ಕೆ ತಂತಿ ಬರಲಿಲ್ಲ.
ಬರಲು ತಂತಿ ಎಲ್ಲಿತ್ತು?
ಒಂಬತ್ತು ದಿನಕ್ಕೆ ಒಂದು ಕಾರ್ಡು ಬಂತು,
ಅಂಚೆಯವನೇ ಓದಿ ಹೇಳಿದ.

ಆ ತಂತಿಗೆ ಕಿವಿಯಿಟ್ಟು ಬೆಳೆದವಳು ನಾನು.
ಏನಾದ್ರೂ ಕೇಳ್ತದಾ ಅಜ್ಜಿ?
ಏನ್ ಕೇಳೀತವ್ವ, ಬಟ್ಟೆ ಒಣಗ್ತದೆ ಅಷ್ಟೆ.
ಪಿಂಚಣಿಗೆ ಅರ್ಜಿ ಹಾಕಮ್ಮ, ಅಂದರು ಮೇಷ್ಟ್ರು.
"ಕದ್ದ ಮಾಲು ಮನೇಲದೆ ಅಂತ
ನಾನೇ ಬರ್ಕೊಡ್ಲಾ ಸ್ವಾಮಿ?"

ಆ ರಾತ್ರಿ ಹುಡುಗ ತಾತನ ಪಂಚೆ ಉಟ್ಟು ಹೋದ,
ತನ್ನ ಒದ್ದೆಯದು ಬಿಟ್ಟು.
ಅಜ್ಜಿ ಅದರ ಅಂಚಿಗೊಂದು ಗುರುತು ಹಾಕಿದಳು,
ಊರಿನ ಯಾವ ಮನೆಗೂ ಇಲ್ಲದ ಗುರುತು, ಒಂದು ಪುಟ್ಟ ಉಂಗುರ.
ಈಗ ಇಸ್ತ್ರಿ ಅಂಗಡಿ ನನ್ನದು.
ವರ್ಷಕ್ಕೊಮ್ಮೆ ಒಗೆದು, ಅದೇ ತಂತಿಗೆ ಹಾಕಿ,
ಮಡಿಸಿ, ಕೊಡಬೇಕಾದ ಬಟ್ಟೆಗಳ ಸಾಲಿನಲ್ಲೇ ಇಡುತ್ತೇನೆ.
ಕೇಳಿಕೊಂಡು ಯಾರಾದರೂ ಬಂದರೆ
ಒಂದಾಣೆ ಬಾಕಿ ಇದೆ.