ಎರಡು ದಿನ ಹಿಂದಿನ ಮಳೆ

ಪೂರ್ತಿ ಕೆಟ್ಟದ್ದನ್ನು ರಿಪೇರಿ ಮಾಡುವುದು ಸುಲಭ.
ಆಗೊಮ್ಮೆ ಈಗೊಮ್ಮೆ ಕೆಡುವುದಿದೆಯಲ್ಲ,
ಅದು ನನ್ನ ಚೀಲ ಕಂಡೊಡನೆ
ಸಾಧುವಾಗಿ ಕೂತುಬಿಡುತ್ತದೆ.

ಪೀಕೊ ದ್ವೀಪ. ಕಡಲಿಗೆ ಮುಖ ಮಾಡಿದ ಕರಿಕಲ್ಲಿನ ಮನೆ.
ಮೂರನೆಯ ಸಲ ಬಂದಿದ್ದೇನೆ.
ಬ್ರೇಕರ್ ನೆಟ್ಟಗೆ ನಿಂತಿದೆ,
ನೆಂಟರೆದುರಿನ ಮಗುವಿನ ಹಾಗೆ.

"ಇವಳ ಓವನ್ನೇ," ಎಂದ ಹೆರ್ಮೀನಿಯು.
"ಹಬ್ಬಕ್ಕೆ ನಲವತ್ತು ಸಿಹಿ ಬ್ರೆಡ್ಡು ಸುಡುತ್ತಾಳೆ,
ತಂತಿ ತಡೆದೀತೇ?"
ಇದಲೀನ ತಿರುಗಿ ನೋಡಲಿಲ್ಲ.
ಮೊಣಕೈವರೆಗೆ ಹಿಟ್ಟು. ನಾದುತ್ತಿದ್ದಳು.
ಆ ಹಿಟ್ಟಿಗೊಂದು ಹೆಸರಿದ್ದರೆ
ಅದು ಗಂಡನದೇ ಇರಬೇಕು.

ಓವನ್ ಬಿಚ್ಚಿದೆ, ಅಳೆದೆ. ನಿರಪರಾಧಿ.
ಫ್ರಿಜ್ಜು, ಗೀಸರು, ಅಂಗಳದ ದೀಪ,
ಒಂದೊಂದನ್ನೇ ಕಳಚಿ ಒಂದೊಂದನ್ನೇ ಜೋಡಿಸಿ
ವಿಚಾರಣೆ ನಡೆಸಿದೆ.
ಎಲ್ಲರೂ ಸಾಚಾ.

ಕೊನೆಗೆ ಒಂದು ನೋಟುಬುಕ್ಕು ಕೊಟ್ಟು ಹೇಳಿದೆ:
ಟ್ರಿಪ್ ಆದಾಗಲೆಲ್ಲ ಬರೆದಿಡಿ. ಗಂಟೆ ಎಷ್ಟು,
ಏನೇನು ಓಡುತ್ತಿತ್ತು, ಹೊರಗೆ ಹೇಗಿತ್ತು.
ಯಾರಿಗೆ ಹೇಳುತ್ತಿದ್ದೇನೆಂದು ಆಗ ಹೊಳೆಯಲಿಲ್ಲ.

ಹದಿನೇಳರ ಹರೆಯದಲ್ಲಿ ಈತ
ಗುಡ್ಡದ ಮೇಲಿನ ಗೂಡಿನಲ್ಲಿ ತಿಮಿಂಗಿಲ ಕಾಯುತ್ತಿದ್ದವನು.
ಗೋಡೆಯ ಸೀಳಿನಲ್ಲಿ ದುರ್ಬೀನು,
ಬೆಳಗಿನಿಂದ ಬೈಗಿನವರೆಗೆ
ನೀರು, ನೀರು, ಬರೀ ನೀರು;
ಉಸಿರಿನ ಒಂದು ಬಿಳಿ ಕುಡಿ ಎದ್ದರೆ
ಬಾಣ ಹಾರಿಸಿ ಊರನ್ನೆಬ್ಬಿಸಬೇಕು.
ಎದ್ದ ದಿನಗಳಿಗಿಂತ ಏಳದ ದಿನಗಳೇ ಹೆಚ್ಚು.
ಆಮೇಲೆ ಬೇಟೆ ನಿಂತಿತು.
ಕಾಯುವ ಕಣ್ಣು ನಿಲ್ಲಲಿಲ್ಲ.

ಆರು ವಾರದ ಮೇಲೆ ಪುಸ್ತಕ ನನ್ನ ಕೈಗೆ ಬಂತು.

"ಮಂಗಳವಾರ, ನಸುಕು ನಾಲ್ಕು ಇಪ್ಪತ್ತು. ಬಿತ್ತು.
ಓವನ್ ತಣ್ಣಗಿತ್ತು. ಒಪ್ಪಿಕೊಳ್ಳುತ್ತೇನೆ."

"ಗುರುವಾರ. ನೈರುತ್ಯದ ಗಾಳಿ, ಇರಚಲು ಮಳೆ.
ಬೀಳಲಿಲ್ಲ."

"ಶನಿವಾರ ಮಧ್ಯಾಹ್ನ. ನಿಚ್ಚಳ ಆಕಾಶ,
ಎದುರು ದ್ವೀಪದ ಮನೆಗಳನ್ನು ಎಣಿಸಬಹುದು.
ಎರಡು ಸಲ ಬಿತ್ತು."

ಮಳೆಯಲ್ಲಿ ಗಟ್ಟಿ, ಬಿಸಿಲಿಗೆ ಬೀಳುತ್ತದೆ.
ತಲೆಕೆಳಗು ಲೆಕ್ಕ.
ಹಿಟ್ಟು ಚೆಲ್ಲಿದ ಮೇಜಿನ ಮೇಲೆ ಬೆರಳಿಟ್ಟು ಎಣಿಸಿದೆ:
ಗುರುವಾರ, ಶುಕ್ರವಾರ, ಶನಿವಾರ.
ಹಿಂದಿನ ಪುಟದಲ್ಲೂ ಹಾಗೇ. ಅದರ ಹಿಂದೆಯೂ.
ಒಂದೂವರೆ ಮೊಳದ ಕಲ್ಲುಗೋಡೆ;
ಹೊರಗೆ ಬಿದ್ದ ಹನಿ ಒಳಗೆ ತಲುಪಲು
ಎರಡು ದಿನ ಬೇಕು.
ನೀರಿಗೇನು ಅವಸರ?

"ಈ ನೈರುತ್ಯದ ಗೋಡೆಯೊಳಗೆ ಏನಿದೆ?" ಎಂದೆ.
ಹೆರ್ಮೀನಿಯು ಹೆಗಲು ಮುಟ್ಟಿ ನೋಡಿಕೊಂಡ.

ಹಲಗೆ ಇಳಿಸಿ ತಟ್ಟುತ್ತ ಹೋದರೆ ಒಂದು ಕಡೆ ಟೊಳ್ಳು ಸದ್ದು.
ಗಾರೆ ಕೆತ್ತಿದೆ. ತುಕ್ಕು ತಿಂದ ಡಬ್ಬಿ, ಅದರೊಳಗೆ
ಜಡೆ ಹೆಣೆದಂತೆ ಹೊಸೆದ ತಂತಿಗಳು,
ಸುತ್ತ ಬಟ್ಟೆಯ ಟೇಪು. ಮುಟ್ಟಿದರೆ ತೇವ,
ಜ್ವರ ಬಿಟ್ಟ ಹಣೆಯಂತೆ.
ಆತನದೇ ಕೈವಾಡ. ಬ್ರೆಡ್ಡು ಆರಲು
ಹೆಂಡತಿ ಒಂದು ಹಲಗೆ ಕೇಳಿದ ವರ್ಷ
ಡಬ್ಬಿ ಅಡ್ಡ ಬಂತೆಂದು ಮೇಲೆ ಗಾರೆ ಮೆತ್ತಿ,
ಸುಣ್ಣ ಹೊಡೆದು, ಮರೆತದ್ದು.
ಮೂವತ್ತೊಂದು ವರ್ಷ ಅದೂ ಬಾಯಿ ಬಿಟ್ಟಿರಲಿಲ್ಲ.
ತನ್ನ ವಿರುದ್ಧದ ಸಾಕ್ಷಿಯನ್ನು
ತಾನೇ, ಗಂಟೆ ನಿಮಿಷ ಸಮೇತ,
ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದ.

ಹೊಸ ಡಬ್ಬಿ, ಹೊಸ ಜೋಡಣೆ, ತೆರೆದು ನೋಡಬಲ್ಲ ಮುಚ್ಚಳ.
"ಮುಚ್ಚಳ ಎದ್ದು ಕಾಣುತ್ತದಲ್ಲ," ಎಂದು ಗೊಣಗಿದ.
"ಕಾಣಲಿ," ಎಂದಳು ಇದಲೀನ.
ಇಡೀ ಪ್ರಕರಣದಲ್ಲಿ ಅವಳು ಆಡಿದ ಮಾತು ಅಷ್ಟೇ.
ಬಿಲ್ಲಿನ ದುಡ್ಡು ಎಣಿಸಿಕೊಟ್ಟು, ಮೇಲೊಂದು
ಬಿಸಿ ಬ್ರೆಡ್ಡು ಇಟ್ಟಳು; ದಾರಿಯಲ್ಲೇ
ವ್ಯಾನಿನ ಸೀಟಿನ ತುಂಬ ಚೂರು.

ಮೊನ್ನೆ ಆ ಕಡೆ ಪಂಪಿನ ಕೆಲಸಕ್ಕೆಂದು ಹೋದವಳು
ಒಳಗೆ ಇಣುಕಿದೆ.
ಮುಚ್ಚಳದ ಕೆಳಗೆ ಮೊಳೆ, ಮೊಳೆಗೆ ದಾರ,
ದಾರದಲ್ಲಿ ನನ್ನ ನೋಟುಬುಕ್ಕು ತೂಗುತ್ತಿತ್ತು.
ಕೊನೆಯ ಪುಟದಲ್ಲಿ ಶಾಯಿ ಇನ್ನೂ ಹಸಿ:

"ಭಾನುವಾರ. ನೈರುತ್ಯದ ಮಳೆ ಬಂದು ಎರಡನೆಯ ದಿನ.
ಬೆಳಗಿನಿಂದ ಕಾದೆ.
ಏನೂ ಕಾಣಲಿಲ್ಲ."