ಇಟ್ಟು ಹೋಗಿ

ಮುಳ್ಳೇರಿಯ ಪೇಟೆಯಲ್ಲಿ ಬಸ್ಸು ತಿರುಗುವಲ್ಲಿ
ಅದ್ರಾಮಣ್ಣನ ಅಂಗಡಿ. ಬೀಡಿ, ಸೋಡಾ, ಕೊಡೆ ರಿಪೇರಿ.
ಹಿಂದಿನ ಗೋಡೆಗೆ ಹಲಗೆ ಹೊಡೆದು ಮಾಡಿದ ಇಪ್ಪತ್ತನಾಲ್ಕು ಗೂಡು.
ಕಾಸರಗೋಡಿಂದ ಬಂದ ಮದ್ದು, ಹೊಲಿದ ರವಕೆ,
ಆದೂರಿನ ಮಾಸ್ತರರ ಕನ್ನಡಕ,
ಎಲ್ಲವನ್ನೂ ಕಂಡಕ್ಟರ್ ಕಿಟಕಿಯಿಂದಲೇ ಚಾಚುತ್ತಿದ್ದ.
"ಇಟ್ಟು ಹೋಗಿ," ಎನ್ನುತ್ತಿದ್ದರು ಅದ್ರಾಮಣ್ಣ, "ಅವರು ಬರ್ತಾರೆ."
ಯಾವಾಗ ಎಂದು ಯಾರೂ ಕೇಳುತ್ತಿರಲಿಲ್ಲ.
ಬಸ್ಸಿಗೆ ಹೋಗಲಿಕ್ಕಿತ್ತು.

ಇದು ನೆನಪಾದದ್ದು ಮೂವತ್ತು ವರ್ಷ ಕಳೆದು,
ಹಾಲಿನ ಸೊಸೈಟಿಯ ಜಗಲಿಯಲ್ಲಿ, ಬೆಳಗ್ಗೆ ಐದೂವರೆಗೆ,
ಮಡಿಲಲ್ಲಿ ಲ್ಯಾಪ್‌ಟಾಪು, ಕಾಲಿಗೆ ಸೊಳ್ಳೆ.

ನನಗೆ ಕೊಟ್ಟ ಕೆಲಸ ಸಣ್ಣದು.
ಹಾಲು ಅಳೆಯುವ ಯಂತ್ರ ಬ್ಯಾಂಕಿನ ಕಂಪ್ಯೂಟರಿಗೆ ಹೇಳಬೇಕು:
ಇಂಥವರದು ಇಷ್ಟು ಲೀಟರು, ಕೊಬ್ಬು ಇಷ್ಟು, ರೂಪಾಯಿ ಇಷ್ಟು.
ಮೊದಲು ಮಾಡಿದ್ದು ಫೋನಿನ ಹಾಗೆ:
ಇದು ಕರೆಯಬೇಕು, ಅದು ಓಗೊಡಬೇಕು,
ಅಲ್ಲಿಂದ "ಹ್ಞೂಂ" ಬರುವವರೆಗೆ ಇದು ಬಾಯಿ ತೆರೆದೇ ನಿಲ್ಲಬೇಕು.
ಬ್ಯಾಂಕಿಗೆ ಅದು ನಿದ್ದೆಯ ಹೊತ್ತು.
ಯಂತ್ರ ನಿಂತಿತು. ಅದರ ಹಿಂದೆ
ಕ್ಯಾನು ಹಿಡಿದ ಹದಿನೇಳು ಹೆಂಗಸರು ನಿಂತರು.
ಕ್ಯಾನಿನೊಳಗಿನ ಹಾಲು ಮಾತ್ರ ನಿಲ್ಲಲಿಲ್ಲ;
ಹುಳಿಯಾಗಲಿಕ್ಕೆ ಅದು ಯಾರ ಒಪ್ಪಿಗೆಯನ್ನೂ ಕಾಯುವುದಿಲ್ಲ.

"ಬರೆದಿಟ್ಟುಕೊಂಡು ನಮ್ಮನ್ನು ಬಿಡು ಮಗಾ," ಎಂದರು ಪೂವಕ್ಕ,
"ನಿನ್ನ ಬ್ಯಾಂಕು ಎದ್ದಾಗ ಓದಿಕೊಳ್ಳಲಿ."

ಆಗ ಗೂಡು ಕಣ್ಣಿಗೆ ಬಂತು.
ನಡುವೆ ಒಂದು ಸಾಲು ಕಟ್ಟಿದೆ.
ಯಂತ್ರ ಹೇಳಿ ಮುಗಿಸಿ ಮುಂದಿನ ಕ್ಯಾನಿಗೆ ಹೋಗುತ್ತದೆ,
ಮಾತು ಸಾಲಿನಲ್ಲಿ ಕೂತಿರುತ್ತದೆ, ಕೆಡದೆ.
ಬ್ಯಾಂಕು ಎದ್ದು, ಮುಖ ತೊಳೆದು, ಒಂದೊಂದಾಗಿ ಎತ್ತಿಕೊಂಡು
"ಸಿಕ್ಕಿತು" ಎನ್ನುತ್ತದೆ. ಆಮೇಲೆಯೇ ಗೂಡು ಖಾಲಿ.
ಹೇಳಿದ್ದೂ ಕೇಳಿದ್ದೂ ಒಂದರ ಮುಖ ಒಂದು ಕಂಡದ್ದೇ ಇಲ್ಲ.

ಆಟಿಯಲ್ಲೊಂದು ದಿನ ಕರೆಂಟು ಹೋಯಿತು.
ಬ್ಯಾಂಕು ಎತ್ತಿಕೊಂಡಾಗಿತ್ತು; "ಸಿಕ್ಕಿತು" ಎಂಬ ಮಾತು
ಬೋವಿಕ್ಕಾನದ ಆಚೆ ಎಲ್ಲೋ ದಾರಿಯಲ್ಲೇ ಸತ್ತುಹೋಯಿತು.
ಸಾಲು ಪಾಪ ಏನು ಮಾಡೀತು? ಮತ್ತೆ ಕಳಿಸಿತು.
ನಾಲ್ಕನೇ ದಿನ ಪೂವಕ್ಕ ಪಾಸ್‌ಬುಕ್ಕು ಹಿಡಿದು ಮೆಟ್ಟಿಲು ಹತ್ತಿದರು:
"ದನ ಒಂದೇ. ದುಡ್ಡು ಎರಡು ಸಲ. ಇದು ಯಾರದ್ದು?"
ಇನ್ನೂರ ಹನ್ನೆರಡು ರೂಪಾಯಿ ಮೇಜಿನ ಮೇಲೆ, ಚಿಲ್ಲರೆ ಸಮೇತ.

ಅದ್ರಾಮಣ್ಣ ಪ್ರತಿ ಕಟ್ಟಿನ ಮೇಲೂ ಕೆಂಪು ಪೆನ್ಸಿಲಲ್ಲಿ
ನಂಬ್ರ ಹಾಕುತ್ತಿದ್ದುದು ಯಾಕೆಂದು ಆಗ ತಿಳಿಯಿತು.
ಈಗ ಬ್ಯಾಂಕು ಮೊದಲು ನಂಬ್ರ ನೋಡುತ್ತದೆ.
ಕೇಳಿದ್ದೇ ಆದರೆ ಇನ್ನೊಮ್ಮೆ "ಸಿಕ್ಕಿತು" ಎಂದು ಸುಮ್ಮನಾಗುತ್ತದೆ,
ಅಜ್ಜಿ ನಿನ್ನೆಯ ಕತೆಯನ್ನೇ ಹೇಳುವಾಗ ನಾವು ಹ್ಞೂಂಗುಟ್ಟಿದ ಹಾಗೆ.

ಆದರೂ ಒಂದು ಹೆಸರು ಉಳಿಯಿತು.
ಕುಞ್ಞಂಬು.
ಮಲೆಯಾಳದಲ್ಲಿ ಸರಿಯಾಗಿಯೇ ಬರೆದು ಕಳಿಸಿದ್ದು
ಆ ಕಡೆ ಮುಟ್ಟುವಾಗ ಮೂರು ಚೌಕ, ಒಂದು ಪ್ರಶ್ನೆಚಿಹ್ನೆ.
ಬ್ಯಾಂಕು ಓದಲಾರದೆ ಕೆಳಗಿಟ್ಟಿತು, ಎತ್ತಿತು, ಮತ್ತೆ ಇಟ್ಟಿತು;
ಐದು ಸಲ ಆದ ಮೇಲೆ ಮೂಲೆಯ ಬೇರೆ ಗೂಡಿಗೆ ತಳ್ಳಿತು,
ಯಾರಿಗೂ ಅಲ್ಲದವುಗಳ ಗೂಡಿಗೆ.
ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ
ಆಡಿಕೊಂಡು ಬೆಳೆದ ನಾನು
ಒಂದು ಞಕಾರದ ಮುಂದೆ ಇಡೀ ಮಧ್ಯಾಹ್ನ ಕೂತೆ.
ಹತ್ತೊಂಬತ್ತು ದಿನದ ಹಾಲು ಅಲ್ಲಿತ್ತು.
ಕುಞ್ಞಂಬು ಒಮ್ಮೆಯೂ ಬಂದು ಕೇಳಿರಲಿಲ್ಲ.

ಮೊನ್ನೆ ಮುಳ್ಳೇರಿಯದಲ್ಲಿ ಇಳಿದೆ.
ಅಂಗಡಿಯ ಅರ್ಧದಲ್ಲಿ ಈಗ ಮೊಬೈಲಿನ ಕವರು ನೇತಾಡುತ್ತವೆ.
ಗೂಡುಗಳಿವೆ. ಮೇಲಿನ ಸಾಲಿನಲ್ಲಿ ಒಂದೇ ಕಟ್ಟು, ನಂಬ್ರ ೬೧೧,
ಹೆಸರಿದ್ದ ಕಡೆ ಗೆದ್ದಲು ತಿಂದಿದೆ, ಧೂಳು ಮಾತ್ರ ಇಲ್ಲ.
"ಬಿಚ್ಚಿ ನೋಡಲಿಲ್ಲವಾ?" ಎಂದೆ.
ಅದ್ರಾಮಣ್ಣ ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದರು,
ಕೇಳಿತೋ ಇಲ್ಲವೋ. ತಲೆ ಎತ್ತಲಿಲ್ಲ.
ಸೋಡಾ ಕುಡಿದೆ. ಬಸ್ಸು ಬಂತು. ಹತ್ತಿ ಕೂತೆ.

ಬಸ್ಸು ತಿರುಗುವಾಗ ಕಿಟಕಿಯ ಕೆಳಗೆ
ರಿಪೇರಿಯಾದ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತು ಹೇಳಿದರು:
"ಅದು ನನಗೆ ಬಂದದ್ದಲ್ಲವಲ್ಲ."